ಎಪ್‌ಸ್ಟೀನ್ ಒಮ್ಮೆ ಸಿಕ್ಕಿಬಿದ್ದಿದ್ದ: 2007ರ ಒಂದು ಒಪ್ಪಂದ ಏನೆಲ್ಲ ಮಾಡಿತು?

2025ರ ಜುಲೈನಲ್ಲಿ ಅಮೆರಿಕದ ನ್ಯಾಯ ಇಲಾಖೆ ಮತ್ತು ಎಫ್‌ಬಿಐ ಸೇರಿ ಒಂದು ಟಿಪ್ಪಣಿ ಹೊರಡಿಸಿದವು. ಅಪ್ರಾಪ್ತ ಹುಡುಗಿಯರನ್ನು ಲೈಂಗಿಕವಾಗಿ ಶೋಷಿಸಿದ ಶ್ರೀಮಂತ ಜೆಫ್ರಿ ಎಪ್‌ಸ್ಟೀನ್‌ನ ‘ಗ್ರಾಹಕರ ಪಟ್ಟಿ’ ಎಂಬುದು ಸಿಕ್ಕಿಲ್ಲ, ಅವನು ಗಣ್ಯರನ್ನು ಬ್ಲ್ಯಾಕ್‌ಮೇಲ್ ಮಾಡುತ್ತಿದ್ದ ಎನ್ನಲು ನಂಬುವಂಥ ಸಾಕ್ಷ್ಯವೂ ಇಲ್ಲ ಎಂದು ಅದರಲ್ಲಿತ್ತು. ಅದೇ ಟಿಪ್ಪಣಿಯಲ್ಲಿ ಇನ್ನೊಂದು ಮಾತೂ ಇತ್ತು: ಅವನಿಂದ ಹಾನಿಗೊಳಗಾದವರು 1,000ಕ್ಕೂ ಹೆಚ್ಚು. ನಾಲ್ಕು ತಿಂಗಳ ನಂತರ, ನವೆಂಬರ್ 18ರಂದು, ಕಡತಗಳನ್ನು ಬಿಡುಗಡೆ ಮಾಡಲೇಬೇಕು ಎಂಬ ಮಸೂದೆಯನ್ನು ಅಲ್ಲಿನ ಕೆಳಮನೆ 427–1 ಮತಗಳಿಂದ ಪಾಸು ಮಾಡಿತು. ಮರುದಿನವೇ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಡಿಸೆಂಬರ್ 19ರ ಗಡುವಿಗೆ ಒಂದಷ್ಟು ಪುಟ ಬಂದವು, ಅದರಲ್ಲೂ ಬಹಳಷ್ಟಕ್ಕೆ ಕಪ್ಪು ಮಸಿ ಬಳಿದಿತ್ತು. 2026ರ ಜನವರಿ 30ರಂದು ಒಂದೇ ಸಲಕ್ಕೆ 30 ಲಕ್ಷಕ್ಕೂ ಜಾಸ್ತಿ ಪುಟ ಬಂತು.

ಇದನ್ನೆಲ್ಲ ಓದಿದವರ ತಲೆ ಕೆಟ್ಟರೆ ಆಶ್ಚರ್ಯವಿಲ್ಲ. ಪಟ್ಟಿಯೇ ಇಲ್ಲದಿದ್ದರೆ ಬಿಡುಗಡೆ ಮಾಡಲು ಇದ್ದಿದ್ದೇನು? ಸಾವಿರ ಸಂತ್ರಸ್ತೆಯರಿದ್ದರೆ ಅಮೆರಿಕದ ಕೋರ್ಟುಗಳಲ್ಲಿ ಈ ಜಾಲಕ್ಕಾಗಿ ಶಿಕ್ಷೆಯಾದವರು ಎಪ್‌ಸ್ಟೀನ್ ಮತ್ತು ಅವನ ಒಡನಾಡಿ ಘಿಲೇನ್ ಮ್ಯಾಕ್ಸ್‌ವೆಲ್ ಇಬ್ಬರೇ ಯಾಕೆ?

ಎಲ್ಲರೂ ಹೆಸರುಗಳನ್ನು ಹುಡುಕುತ್ತಿದ್ದಾರೆ. ಆದರೆ ಈ ಪ್ರಕರಣ ಹಳಿ ತಪ್ಪಿದ ಜಾಗ ಗುಟ್ಟಾಗಿಯೇನೂ ಉಳಿದಿಲ್ಲ. ಅದರ ದಾಖಲೆ ವರ್ಷಗಳಿಂದ ಎಲ್ಲರ ಕಣ್ಣೆದುರೇ ಇದೆ.

ಕಡತ ಬೇರೆ, ಪಟ್ಟಿ ಬೇರೆ

ಮೊದಲು ಸುಲಭದ ಗೊಂದಲ ಬಗೆಹರಿಸೋಣ. ತನಿಖಾ ಕಡತ ಎಂದರೆ ತನಿಖೆಯ ಹೊತ್ತಲ್ಲಿ ಕೈಗೆ ಸಿಕ್ಕಿದ್ದೆಲ್ಲದರ ರಾಶಿ. ಸಾಕ್ಷಿಗಳ ಹೇಳಿಕೆ, ಇಮೇಲ್, ವಿಮಾನದ ಪ್ರಯಾಣಿಕರ ವಿವರ, ಮನೆ ಶೋಧಿಸಿದಾಗ ಸಿಕ್ಕ ಫೋಟೋ, ಬ್ಯಾಂಕ್ ದಾಖಲೆ, ಪೇಪರ್ ಕಟಿಂಗ್, ಯಾರೋ ಫೋನ್ ಮಾಡಿ ಹೇಳಿದ ಪರಿಶೀಲಿಸದ ಮಾಹಿತಿ, ಎಲ್ಲವೂ ಅದರೊಳಗೆ ಇರುತ್ತವೆ. ಡ್ರೈವರ್, ಅಡುಗೆಯವರು, ವಿಜ್ಞಾನಿ, ರಾಜಕಾರಣಿ, ಎಲ್ಲರ ಹೆಸರೂ ಬರುತ್ತದೆ. ಹಾಗಾಗಿ ಹೆಸರು ಬಂತು ಎಂದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ. ಹೆಸರು ಬಂದಿಲ್ಲ ಎಂದ ಮಾತ್ರಕ್ಕೆ ಯಾರೂ ಶುದ್ಧರೂ ಆಗುವುದಿಲ್ಲ.

ಆದರೂ ‘ಪಟ್ಟಿ’ ಎಂಬ ಕಲ್ಪನೆ ಗಟ್ಟಿಯಾಗಿ ನಿಂತಿದ್ದಕ್ಕೆ ಸರ್ಕಾರವೂ ಕಾರಣ. 2025ರ ಫೆಬ್ರುವರಿಯಲ್ಲಿ, ಆಗ ನ್ಯಾಯ ಇಲಾಖೆಯ ಮುಖ್ಯಸ್ಥೆಯಾಗಿದ್ದ ಅಟಾರ್ನಿ ಜನರಲ್ ಪ್ಯಾಮ್ ಬಾಂಡಿ ಅವರನ್ನು ಟಿವಿಯಲ್ಲಿ ಗ್ರಾಹಕರ ಪಟ್ಟಿಯ ಬಗ್ಗೆ ಕೇಳಿದಾಗ, ಅದು ಪರಿಶೀಲನೆಗೆ ನನ್ನ ಮೇಜಿನ ಮೇಲಿದೆ ಎಂಬರ್ಥದ ಉತ್ತರ ಕೊಟ್ಟಿದ್ದರು. ಒಟ್ಟಾರೆ ಕಡತದ ಬಗ್ಗೆ ಹೇಳಿದ್ದು ಎಂದು ಆಮೇಲೆ ಸಮಜಾಯಿಷಿ ಬಂತು. ಅಷ್ಟರಲ್ಲಿ ನಿರೀಕ್ಷೆ ಹುಟ್ಟಿಯಾಗಿತ್ತು.

ಪಾಮ್ ಬೀಚ್ ಪೊಲೀಸರು ಕೆಲಸ ಮಾಡಿದ್ದರು

ಈ ಕತೆಯಲ್ಲಿ ಪೊಲೀಸರು ಮೊದಲಿಂದಲೂ ಕಣ್ಣು ಮುಚ್ಚಿದ್ದರು ಎಂಬ ಭಾವನೆ ಇದೆ. ಅದು ತಪ್ಪು. 2005ರ ಮಾರ್ಚ್‌ನಲ್ಲಿ ಫ್ಲಾರಿಡಾದ ಪಾಮ್ ಬೀಚ್ ಪೊಲೀಸರಿಗೆ 14 ವರ್ಷದ ಹುಡುಗಿಯೊಬ್ಬಳ ಮನೆಯವರಿಂದ ದೂರು ಬಂತು. ಪತ್ತೇದಾರ ಜೋಸೆಫ್ ರೆಕ್ಯಾರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅದರ ಬೆನ್ನು ಹತ್ತಿದರು. ಎಪ್‌ಸ್ಟೀನ್ ಮನೆಯ ಕಸವನ್ನೂ ಪೊಲೀಸರು ಜಾಲಾಡಿದರು. ಹುಡುಗಿಯರ ಹೆಸರು, ಫೋನ್ ನಂಬರ್ ಬರೆದಿದ್ದ ಸಂದೇಶದ ಚೀಟಿಗಳು ಸಿಕ್ಕವು.

ವಿಧಾನ ಸರಳವಾಗಿತ್ತು. ‘ಮಸಾಜ್’ ಎಂದು ಹೇಳಿ ಶಾಲೆಗೆ ಹೋಗುವ ಹುಡುಗಿಯರನ್ನು ಕರೆಸುವುದು. ಹೋದವಳಿಗೆ 200 ಅಥವಾ 300 ಡಾಲರ್ ನಗದು. ಗೆಳತಿಯನ್ನು ಕರೆತಂದರೆ ಅದಕ್ಕೂ ದುಡ್ಡು. ಹೀಗೆ ಒಬ್ಬಳಿಂದ ಇನ್ನೊಬ್ಬಳು. ಹೆಚ್ಚಿನವರು ಬಡ, ಒಡೆದ ಮನೆಗಳಿಂದ ಬಂದವರು. ಈ ಆಯ್ಕೆ ಸುಮ್ನೆ ಆಗಿದ್ದಲ್ಲ. ಮುಂದೊಂದು ದಿನ ಕೋರ್ಟಿನಲ್ಲಿ ನಿಂತರೆ ಇವರ ಮಾತನ್ನು ಯಾರು ನಂಬುತ್ತಾರೆ ಎಂಬ ಲೆಕ್ಕಾಚಾರಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು.

2005ರ ಅಕ್ಟೋಬರ್‌ನಲ್ಲಿ ಮನೆ ಶೋಧಿಸಿದಾಗ ಕಂಪ್ಯೂಟರ್‌ಗಳು ಅಷ್ಟರಲ್ಲಾಗಲೇ ಜಾಗ ಖಾಲಿ ಮಾಡಿದ್ದವು. ಈ ಕಂಪ್ಯೂಟರ್‌ಗಳ ವಿಷಯ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಮೊದಲ ತಿರುವು: ಯಾವ ಕಲಂ?

2006ರ ಮೇ ತಿಂಗಳಲ್ಲಿ ಪೊಲೀಸರು ಅಪ್ರಾಪ್ತೆಯರ ಜೊತೆ ಲೈಂಗಿಕ ಕ್ರಿಯೆ ನಡೆಸಿದ ಗಂಭೀರ ಆರೋಪಗಳನ್ನು ಹೊರಿಸಲು ಕಾಗದ ಸಿದ್ಧಮಾಡಿದರು. ಆದರೆ ಆರೋಪ ಹೊರಿಸುವ ಅಧಿಕಾರ ಪೊಲೀಸರದ್ದಲ್ಲ, ಸರ್ಕಾರದ ಪರ ಕೇಸು ನಡೆಸುವ ಪ್ರಾಸಿಕ್ಯೂಟರ್‌ನದ್ದು. ಅಲ್ಲಿನ ಸ್ಟೇಟ್ ಅಟಾರ್ನಿ, ಅಂದರೆ ರಾಜ್ಯದ ಪ್ರಾಸಿಕ್ಯೂಟರ್, ಬ್ಯಾರಿ ಕ್ರಿಶರ್ ತಾವೇ ಆರೋಪ ಹೊರಿಸದೆ ವಿಷಯವನ್ನು ಗ್ರ್ಯಾಂಡ್ ಜ್ಯೂರಿಯ ಮುಂದಿಟ್ಟರು.

ಗ್ರ್ಯಾಂಡ್ ಜ್ಯೂರಿ ಎಂದರೆ ನಾಗರಿಕರ ಒಂದು ಗುಂಪು. ಕೇಸು ನಡೆಸಲು ಸಾಕಷ್ಟು ಆಧಾರ ಇದೆಯೇ ಎಂದು ಅವರು ಮುಚ್ಚಿದ ಬಾಗಿಲ ಹಿಂದೆ ತೀರ್ಮಾನಿಸುತ್ತಾರೆ. ಅಲ್ಲಿ ನ್ಯಾಯಾಧೀಶರು ಕೂತು ವಿಚಾರಣೆ ನಡೆಸುವುದಿಲ್ಲ. ಪ್ರಾಸಿಕ್ಯೂಟರ್ ಏನು ತೋರಿಸುತ್ತಾರೋ ಅದನ್ನೇ ಅವರು ನೋಡುವುದು. ಪೊಲೀಸರು ಹಲವು ಹುಡುಗಿಯರನ್ನು ಗುರುತಿಸಿದ್ದರೂ ಅಲ್ಲಿಗೆ ಬಂದವರು ಬೆರಳೆಣಿಕೆಯಷ್ಟೂ ಇಲ್ಲ. ನಡೆದದ್ದೇನು ಎಂಬುದು 18 ವರ್ಷ ಗುಟ್ಟಾಗಿತ್ತು. ಫ್ಲಾರಿಡಾ ಅದಕ್ಕೆಂದೇ ಕಾನೂನು ಮಾಡಿದ ಮೇಲೆ, 2024ರ ಜುಲೈ 1ರಂದು ದಾಖಲೆ ಹೊರಬಂತು. ಹುಡುಗಿಯರನ್ನು ಪ್ರಾಸಿಕ್ಯೂಟರ್‌ಗಳೇ ದುಡ್ಡಿಗಾಗಿ ಹೋದ ವೇಶ್ಯೆಯರಂತೆ ಚಿತ್ರಿಸಿದ್ದರು. ನೀನೂ ಅಪರಾಧ ಮಾಡಿದ್ದೀಯ ಎಂಬರ್ಥದ ಪ್ರಶ್ನೆಯನ್ನು ಹದಿಹರೆಯದ ಸಾಕ್ಷಿಗೆ ಹಾಕಿದ್ದರು. ಆ ಕೋಣೆಯಲ್ಲಿ ಎಪ್‌ಸ್ಟೀನ್ ಪರ ವಕೀಲರು ಇರಲೇ ಇಲ್ಲ. ಇರುವ ಅಗತ್ಯವೂ ಬರಲಿಲ್ಲ ಬಿಡಿ.

ಫಲಿತಾಂಶ, ವೇಶ್ಯಾವಾಟಿಕೆಗೆ ಆಹ್ವಾನಿಸಿದ ಒಂದೇ ಒಂದು ಆರೋಪ. ಕಲಂ ಬದಲಾದರೆ ಕೇಸಿನ ಗುಣವೇ ಬದಲಾಗುತ್ತದೆ. ಅಪ್ರಾಪ್ತೆಯ ಮೇಲಿನ ದೌರ್ಜನ್ಯ ಎಂದಾದರೆ ಆಕೆ ಸಂತ್ರಸ್ತೆ. ವೇಶ್ಯಾವಾಟಿಕೆ ಎಂದಾದರೆ ಆಗಿನ ಫ್ಲಾರಿಡಾ ಕಾನೂನಿನಲ್ಲಿ ಆಕೆಯೂ ಅಪರಾಧದ ಪಾಲುದಾರಳು. ಅಪ್ರಾಪ್ತರ ಮೇಲೆ ಇಂಥ ಕೇಸು ಹಾಕದಂತೆ ಆ ರಾಜ್ಯ ಕಾನೂನು ತಿದ್ದಿದ್ದು 2016ರಲ್ಲಿ.

ಪಾಮ್ ಬೀಚ್ ಪೊಲೀಸ್ ಮುಖ್ಯಸ್ಥ ಮೈಕಲ್ ರೈಟರ್ ಇದಕ್ಕೆ ಒಪ್ಪಲಿಲ್ಲ. ಬಹಿರಂಗವಾಗಿಯೇ ಪ್ರಾಸಿಕ್ಯೂಟರ್ ಜೊತೆ ಜಗಳ ಮಾಡಿಕೊಂಡು, ಕಡತವನ್ನು ಎಫ್‌ಬಿಐಗೆ ಕೊಟ್ಟರು.

53 ಪುಟದ ಕರಡು, ಮತ್ತು ಮೌನ

ಕೇಂದ್ರದ ಕೈಗೆ ಹೋದ ಮೇಲೆ ಕೇಸು ಗಟ್ಟಿಯಾಗಬೇಕಿತ್ತು. ಕಾರಣ ಕಾನೂನಿನಲ್ಲೇ ಇದೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ 18 ವರ್ಷದೊಳಗಿನವರನ್ನು ದುಡ್ಡು ಕೊಟ್ಟು ಲೈಂಗಿಕ ಕ್ರಿಯೆಗೆ ಕರೆತಂದರೆ ಅದು ಲೈಂಗಿಕ ಕಳ್ಳಸಾಗಣೆ. ಬಲವಂತ ಮಾಡಿದ್ದಾರೆಂದು ತೋರಿಸಬೇಕಿಲ್ಲ. ಹುಡುಗಿ ಒಪ್ಪಿದ್ದಳೇ ಎಂಬ ಪ್ರಶ್ನೆಯೇ ಏಳುವುದಿಲ್ಲ.

ವಯಸ್ಕರ ವಿಷಯ ಹಾಗಲ್ಲ. ಅಲ್ಲಿ ಬಲಾತ್ಕಾರ, ವಂಚನೆ ಅಥವಾ ಒತ್ತಡವನ್ನು ಸಾಬೀತು ಮಾಡಲೇಬೇಕು. 2025ರ ಜುಲೈನಲ್ಲಿ ಸಂಗೀತ ಉದ್ಯಮಿ ಶಾನ್ ಕೋಂಬ್ಸ್ ಲೈಂಗಿಕ ಕಳ್ಳಸಾಗಣೆಯ ಆರೋಪದಿಂದ ಖುಲಾಸೆಯಾಗಿ, ವೇಶ್ಯಾವಾಟಿಕೆಗಾಗಿ ಜನರನ್ನು ಸಾಗಿಸಿದ ಸಣ್ಣ ಆರೋಪಗಳಲ್ಲಿ ಮಾತ್ರ ಸಿಕ್ಕಿಬಿದ್ದು 50 ತಿಂಗಳ ಶಿಕ್ಷೆ ಪಡೆದದ್ದು ಈ ಕಷ್ಟಕ್ಕೆ ಹತ್ತಿರದ ಉದಾಹರಣೆ. ಎಪ್‌ಸ್ಟೀನ್ ಕೇಸಿನಲ್ಲಿ ಸರ್ಕಾರಕ್ಕೆ ಆ ಭಾರ ಇರಲಿಲ್ಲ.

2007ರ ಮೇ ತಿಂಗಳಿಗೆ ಸಹಾಯಕ ಪ್ರಾಸಿಕ್ಯೂಟರ್ ಮರೀ ವಿಯಾಫಾನಾ 82 ಪುಟದ ಟಿಪ್ಪಣಿ ಮತ್ತು 53 ಪುಟದ ದೋಷಾರೋಪ ಕರಡು ಸಿದ್ಧಪಡಿಸಿದ್ದರು. ಕಾಣೆಯಾದ ಆ ಕಂಪ್ಯೂಟರ್‌ಗಳನ್ನು ಕೋರ್ಟಿನ ಮೂಲಕ ವಶಕ್ಕೆ ಪಡೆಯುವ ಪ್ರಯತ್ನವೂ ನಡೆದಿತ್ತು. ಆಗ ದಕ್ಷಿಣ ಫ್ಲಾರಿಡಾದ ಕೇಂದ್ರ ಪ್ರಾಸಿಕ್ಯೂಟರ್ ಆಗಿದ್ದವರು ಅಲೆಕ್ಸಾಂಡರ್ ಅಕೋಸ್ಟಾ.

ಕರಡು ಕೋರ್ಟಿಗೆ ಹೋಗಲೇ ಇಲ್ಲ. 2007ರ ಸೆಪ್ಟೆಂಬರ್ 24ರಂದು ಎಪ್‌ಸ್ಟೀನ್ ಜೊತೆ ಒಂದು ಒಪ್ಪಂದವಾಯಿತು: ‘ನಾವು ನಿನ್ನ ಮೇಲೆ ಕೇಂದ್ರದ ಕೇಸು ಹಾಕುವುದಿಲ್ಲ, ನೀನು ರಾಜ್ಯದ ಕೋರ್ಟಿನಲ್ಲಿ ಎರಡು ಸಣ್ಣ ಆರೋಪಗಳಿಗೆ ತಪ್ಪೊಪ್ಪಿಕೋ’. ಅವನು ಲೈಂಗಿಕ ಅಪರಾಧಿಯಾಗಿ ನೋಂದಾಯಿಸಿಕೊಳ್ಳಬೇಕಿತ್ತು, ಸಂತ್ರಸ್ತೆಯರ ವಕೀಲರ ಖರ್ಚು ಭರಿಸಬೇಕಿತ್ತು. ಬದಲಿಗೆ ಅವನಿಗೆ ಸಿಕ್ಕಿದ್ದು ಮೂರು ದೊಡ್ಡ ಅನುಕೂಲ. ಕೇಂದ್ರದ ತನಿಖೆ ನಿಂತಿತು, ಅದರ ಜೊತೆ ಕಂಪ್ಯೂಟರ್ ಹುಡುಕಾಟವೂ ನಿಂತಿತು. ಹೆಸರಿಸಿದ ನಾಲ್ವರು ಮಹಿಳೆಯರಿಗೆ ಮಾತ್ರವಲ್ಲ, ಇನ್ನು ಯಾರೇ ಸಂಭಾವ್ಯ ಸಹ ಆರೋಪಿಗಳಿದ್ದರೂ ಅವರಿಗೂ ರಕ್ಷಣೆ ಸಿಕ್ಕಿತು. ಮೂರನೆಯದಾಗಿ, ಒಪ್ಪಂದವನ್ನು ಸಾರ್ವಜನಿಕ ದಾಖಲೆಗೆ ಸೇರಿಸಬಾರದು ಎಂಬ ತಿಳಿವಳಿಕೆ.

ಎರಡನೆಯದನ್ನು ಇನ್ನೊಮ್ಮೆ ಓದಿ. ಯಾರೆಂದೇ ಗೊತ್ತಿಲ್ಲದವರಿಗೆ, ಏನು ಮಾಡಿದ್ದಾರೆಂದೇ ಗೊತ್ತಿಲ್ಲದ ಅಪರಾಧಕ್ಕೆ ಮುಂಚಿತವಾಗಿ ರಕ್ಷಣೆ. ತನಿಖೆ ಮುಗಿಯುವ ಮೊದಲೇ ಇಂಥ ಮಾತು ಕೊಟ್ಟರೆ, ಮುಂದೆ ಸಿಗಬಹುದಾದವರ ಬಾಗಿಲನ್ನೂ ಮುಚ್ಚಿದಂತೆ. ‘ಪಟ್ಟಿ ಎಲ್ಲಿ?’ ಎಂದು ಇವತ್ತು ಕೇಳುವವರು ಈ ವಾಕ್ಯದಿಂದ ಶುರು ಮಾಡಬೇಕು. ಪಟ್ಟಿ ಮಾಡಬೇಕಿದ್ದ ಕೆಲಸವನ್ನೇ ಅಲ್ಲಿ ನಿಲ್ಲಿಸಲಾಯಿತು.

ಹಣ ಖರೀದಿಸಿದ್ದು ಏನನ್ನು?

ಶ್ರೀಮಂತನೊಬ್ಬ ತಪ್ಪಿಸಿಕೊಂಡ ಎಂದರೆ ಲಂಚ ಕೊಟ್ಟಿರಬೇಕು ಎಂದು ಮನಸ್ಸು ಓಡುತ್ತದೆ. ಇಲ್ಲಿ ಲಂಚ ಸಾಬೀತಾಗಿಲ್ಲ. ಅವನು ಗೂಢಚಾರ ಸಂಸ್ಥೆಯ ಮನುಷ್ಯನಾಗಿದ್ದ, ಅದಕ್ಕೇ ಬಿಟ್ಟರು ಎಂಬ ಮಾತೂ ಓಡಾಡುತ್ತಿದೆ. ಅಂಥ ವಿಷಯ ನಿಮಗೆ ಗೊತ್ತಿತ್ತೇ ಎಂದು ನ್ಯಾಯ ಇಲಾಖೆಯ ತನಿಖಾಧಿಕಾರಿಗಳು ಕೇಳಿದಾಗ ಅಕೋಸ್ಟಾ ಇಲ್ಲ ಎಂದಿದ್ದಾರೆ. ಗುಟ್ಟಿನ ಕೈವಾಡ ಇಲ್ಲದೆಯೂ ಇಷ್ಟೆಲ್ಲ ಆಗಬಹುದಿತ್ತು ಎನ್ನುವುದೇ ಹೆಚ್ಚು ಕಳವಳದ ಸಂಗತಿ.

ಎಪ್‌ಸ್ಟೀನ್‌ನ ವಕೀಲರ ತಂಡದಲ್ಲಿ ಹಾರ್ವರ್ಡ್ ಪ್ರಾಧ್ಯಾಪಕ ಅಲನ್ ಡರ್ಶೋವಿಟ್ಜ್, ಅಧ್ಯಕ್ಷ ಕ್ಲಿಂಟನ್ ವಿರುದ್ಧ ತನಿಖೆ ನಡೆಸಿದ್ದ ಕೆನೆತ್ ಸ್ಟಾರ್, ರಾಯ್ ಬ್ಲ್ಯಾಕ್, ಜೇ ಲೆಫ್ಕೊವಿಟ್ಜ್ ಇದ್ದರು. ಇವರ ಕೆಲಸ ಕೋರ್ಟಿನಲ್ಲಿ ವಾದ ಮಾಡುವುದಾಗಿರಲಿಲ್ಲ. ಕೋರ್ಟಿಗೆ ಹೋಗದಂತೆ ನೋಡಿಕೊಳ್ಳುವುದಾಗಿತ್ತು. ಪತ್ರದ ಮೇಲೆ ಪತ್ರ, ವಾಷಿಂಗ್ಟನ್‌ನ ಮೇಲಧಿಕಾರಿಗಳಿಗೆ ಮನವಿ, ಪ್ರತಿ ಅಂಶಕ್ಕೂ ಆಕ್ಷೇಪ. 2007ರ ಅಕ್ಟೋಬರ್‌ನಲ್ಲಿ ಲೆಫ್ಕೊವಿಟ್ಜ್ ಮತ್ತು ಅಕೋಸ್ಟಾ ವೆಸ್ಟ್ ಪಾಮ್ ಬೀಚ್‌ನ ಹೋಟೆಲೊಂದರಲ್ಲಿ ತಿಂಡಿಗೆ ಸೇರಿದ್ದರು. ಪ್ರಾಸಿಕ್ಯೂಟರ್‌ಗಳ ಮೇಲೆ ವರ್ಷವಿಡೀ ದಾಳಿ ನಡೆಯಿತು ಎಂದು ಅಕೋಸ್ಟಾ ಅವರೇ 2011ರ ಪತ್ರವೊಂದರಲ್ಲಿ ಬರೆದುಕೊಂಡಿದ್ದಾರೆ. ಇತ್ತ ಖಾಸಗಿ ಪತ್ತೇದಾರರು ಹುಡುಗಿಯರನ್ನೂ ಅವರ ಮನೆಯವರನ್ನೂ ಹಿಂಬಾಲಿಸುತ್ತಿದ್ದರು. ಪೊಲೀಸರನ್ನೂ ಬಿಟ್ಟಿರಲಿಲ್ಲ.

ಇದರಲ್ಲಿ ಬಹುಪಾಲು ಕಾನೂನುಬದ್ಧ. ಆರೋಪ ಹೊರಿಸುವ ಮೊದಲು ಪ್ರಾಸಿಕ್ಯೂಟರ್ ಜೊತೆ ಮಾತಾಡಲು ಯಾರಿಗೂ ಅಡ್ಡಿಯಿಲ್ಲ. ಆದರೆ ವರ್ಷಗಟ್ಟಲೆ ಹಾಗೆ ಮಾತಾಡುತ್ತಲೇ ಇರಲು ಬೇಕಾಗುವ ದುಡ್ಡು ಯಾರ ಹತ್ತಿರ ಇರುತ್ತದೆ? ಸಾಮಾನ್ಯ ಆರೋಪಿಗೆ ವಕೀಲ ಸಿಗುವ ಹೊತ್ತಿಗೆ ದೋಷಾರೋಪ ಆಗಿಹೋಗಿರುತ್ತದೆ. ಶ್ರೀಮಂತನ ವಕೀಲರು ಅದಕ್ಕಿಂತ ಬಹಳ ಮೊದಲೇ ಒಳಗೆ ಕೂತಿರುತ್ತಾರೆ. ಅಲ್ಲಿ ನ್ಯಾಯಾಧೀಶರಿಲ್ಲ, ಪತ್ರಕರ್ತರಿಲ್ಲ, ಸಂತ್ರಸ್ತೆಯರೂ ಇಲ್ಲ. ಹಣದ ಬಲ ಅತಿ ಹೆಚ್ಚು ಕೆಲಸ ಮಾಡುವುದು ಆ ಹಂತದಲ್ಲಿ.

ಜೈಲಿನಲ್ಲೂ ಅದು ಮುಂದುವರಿಯಿತು. 2008ರ ಜೂನ್ 30ರಂದು ತಪ್ಪೊಪ್ಪಿಕೊಂಡ ಎಪ್‌ಸ್ಟೀನ್‌ಗೆ 18 ತಿಂಗಳ ಶಿಕ್ಷೆಯಾಯಿತು. ಒಳಗಿದ್ದದ್ದು ಸುಮಾರು 13 ತಿಂಗಳು. ಅದೂ ರಾಜ್ಯದ ಸೆರೆಮನೆಯಲ್ಲಲ್ಲ, ಕೌಂಟಿ (ಜಿಲ್ಲೆ) ಜೈಲಿನ ಪ್ರತ್ಯೇಕ ಭಾಗದಲ್ಲಿ. ಕೆಲಸಕ್ಕೆಂದು ದಿನಕ್ಕೆ 12 ಗಂಟೆಯವರೆಗೆ, ವಾರದಲ್ಲಿ 6 ದಿನ ತನ್ನ ಆಫೀಸಿಗೆ ಹೋಗಿಬರಲು ಅನುಮತಿ ಇತ್ತು. ಕಾವಲಿಗೆ ಬಂದ ಶೆರಿಫ್ ಕಚೇರಿಯ ಸಿಬ್ಬಂದಿ ಸಮವಸ್ತ್ರ ಬಿಟ್ಟು ಸೂಟ್ ಹಾಕಿಕೊಳ್ಳಬೇಕಿತ್ತು. ಅವರ ಸಂಬಳದ ಖರ್ಚು ಎಪ್‌ಸ್ಟೀನ್ ಕಡೆಯಿಂದಲೇ ಬರುತ್ತಿತ್ತು. ಕೈದಿಯನ್ನು ಕಾಯುವವರಿಗೆ ಕೈದಿಯೇ ಸಂಬಳ ಕೊಡುವ ವ್ಯವಸ್ಥೆ!

ಸಂತ್ರಸ್ತೆಯರಿಗೆ ಬಂದ ಪತ್ರ

2004ರ ಕೇಂದ್ರ ಕಾನೂನೊಂದು ಸಂತ್ರಸ್ತರಿಗೆ ಪ್ರಾಸಿಕ್ಯೂಟರ್ ಜೊತೆ ಚರ್ಚಿಸುವ, ಅವರಿಂದ ನ್ಯಾಯಯುತವಾಗಿ ನಡೆಸಿಕೊಳ್ಳಲ್ಪಡುವ ಹಕ್ಕು ಕೊಟ್ಟಿದೆ. ಒಪ್ಪಂದಕ್ಕೆ ಸಹಿ ಬಿದ್ದದ್ದು 2007ರ ಸೆಪ್ಟೆಂಬರ್‌ನಲ್ಲಿ. 2008ರ ಜನವರಿಯಲ್ಲಿ ಎಫ್‌ಬಿಐ ಸಂತ್ರಸ್ತೆಯರಿಗೆ ಪತ್ರ ಕಳಿಸಿತು. ಕೇಸು ಇನ್ನೂ ತನಿಖೆಯಲ್ಲಿದೆ, ಸಮಯ ಹಿಡಿಯಬಹುದು, ತಾಳ್ಮೆಯಿಂದಿರಿ ಎಂದು ಅದರಲ್ಲಿತ್ತು. ಆ ಹೊತ್ತಿಗೆ ಕೇಸಿನ ಹಣೆಬರಹ ಬರೆದು ಮೂರು ತಿಂಗಳು ದಾಟಿತ್ತು.

2008ರ ಜುಲೈನಲ್ಲಿ ಸಂತ್ರಸ್ತೆಯರು ಕೋರ್ಟಿಗೆ ಹೋದರು. ಹತ್ತು ವರ್ಷ ದಾಟಿದ ಮೇಲೆ, 2019ರ ಫೆಬ್ರುವರಿಯಲ್ಲಿ, ನ್ಯಾಯಾಧೀಶ ಕೆನೆತ್ ಮಾರಾ ಸರ್ಕಾರ ಕಾನೂನು ಉಲ್ಲಂಘಿಸಿದೆ ಎಂದು ತೀರ್ಪಿತ್ತರು. ಗೆಲುವು ಬಹಳ ದಿನ ಉಳಿಯಲಿಲ್ಲ. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ 7–4 ಬಹುಮತದಿಂದ, ಕೇಂದ್ರ ಸರ್ಕಾರ ಆರೋಪ ಹೊರಿಸುವುದಕ್ಕೆ ಮುಂಚೆ ಈ ಕಾನೂನಿನಡಿ ಸಂತ್ರಸ್ತರು ಹೀಗೆ ಮೊಕದ್ದಮೆ ಹೂಡಲು ಬರುವುದಿಲ್ಲ ಎಂದಿತು. ಸುಪ್ರೀಂ ಕೋರ್ಟ್ ಕೈಹಾಕಲಿಲ್ಲ.

ಇದರ ಪರಿಣಾಮ ನೋಡಿ. ಆರೋಪ ಹೊರಿಸಿದರೆ ಸಂತ್ರಸ್ತೆ ಕೋರ್ಟಿನಲ್ಲಿ ಕೇಳಬಹುದು. ಆರೋಪವನ್ನೇ ಹೊರಿಸದೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರೆ ಕೇಳುವ ದಾರಿಯೇ ಇಲ್ಲ. ಅಂದರೆ ಆರೋಪಿಗೆ ಒಪ್ಪಂದ ಎಷ್ಟು ಬೇಗ ಸಿಗುತ್ತದೋ ಅಷ್ಟರ ಮಟ್ಟಿಗೆ ಸಂತ್ರಸ್ತೆಯ ಹಕ್ಕು ಕಮ್ಮಿ. ಈ ತೂತು ಮುಚ್ಚಲು ಸಂಸತ್ತಿನಲ್ಲಿ ಮಸೂದೆ ಮಂಡನೆಯಾಗಿದ್ದರೂ ಕಡತ ಬಿಡುಗಡೆಗೆ ಕಂಡ 427 ಮತಗಳ ಉತ್ಸಾಹ ಅದಕ್ಕೆ ಕಂಡಿಲ್ಲ.

ಅಕೋಸ್ಟಾ ಹೇಳುವುದೇನು?

ಮಯಾಮಿ ಹೆರಾಲ್ಡ್ ಪತ್ರಿಕೆಯ ಜೂಲಿ ಬ್ರೌನ್ 2018ರ ನವೆಂಬರ್‌ನಲ್ಲಿ ಈ ಒಪ್ಪಂದದ ಒಳಗನ್ನು ಬಯಲಿಗೆಳೆದಾಗ ಅಕೋಸ್ಟಾ ಕಾರ್ಮಿಕ ಸಚಿವರಾಗಿದ್ದರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಅವರ ವಾದವನ್ನು ತಳ್ಳಿಹಾಕುವ ಮೊದಲು ಕೇಳಬೇಕು.

ರಾಜ್ಯದವರು ಅವನನ್ನು ಜೈಲೇ ಇಲ್ಲದೆ ಬಿಡುವುದರಲ್ಲಿದ್ದರು, ನಾವು ಬಂದದ್ದರಿಂದ ಜೈಲಾಯಿತು, ನೋಂದಣಿಯಾಯಿತು, ಪರಿಹಾರದ ದಾರಿಯಾಯಿತು ಎನ್ನುವುದು ಅವರ ಮೊದಲ ಮಾತು. ಕೆಲವು ಸಾಕ್ಷಿಗಳು ಹಿಂಜರಿದಿದ್ದರು, ವಿಚಾರಣೆ ನಡೆದು ಸೋತಿದ್ದರೆ ಏನೂ ಸಿಗುತ್ತಿರಲಿಲ್ಲ ಎನ್ನುವುದು ಎರಡನೆಯದು. ಇದರಲ್ಲಿ ಸತ್ಯವೇ ಇಲ್ಲ ಎನ್ನಲಾಗದು. ಸಾಕ್ಷಿಕಟ್ಟೆಯಲ್ಲಿ ಹದಿನಾರು, ಹದಿನೇಳರ ಹುಡುಗಿಯರನ್ನು ದೊಡ್ಡ ವಕೀಲರು ಹೇಗೆ ಹಿಂಡುತ್ತಾರೆ ಎಂದು ಪ್ರಾಸಿಕ್ಯೂಟರ್‌ಗಳಿಗೆ ಗೊತ್ತಿರುತ್ತದೆ. 2000ದ ಕಳ್ಳಸಾಗಣೆ ಕಾನೂನು ಆಗ ಹೊಸದು. ಜ್ಯೂರಿಗಳಿಗೂ ‘ದುಡ್ಡು ತಗೊಂಡಿದ್ದಳಲ್ಲ’ ಎಂಬ ಭಾವನೆ ಇರುತ್ತಿತ್ತು.

ರಾಜ್ಯದ ಪ್ರಾಸಿಕ್ಯೂಟರ್ ಕ್ರಿಶರ್ ಮಾತ್ರ ಅಕೋಸ್ಟಾ ಹೇಳಿದ್ದು ಪೂರ್ತಿ ತಪ್ಪು ಎಂದರು. 53 ಪುಟದ ಕರಡು ತಯಾರಾಗಿತ್ತಲ್ಲ, ಅದನ್ನು ಯಾಕೆ ಸಲ್ಲಿಸಲಿಲ್ಲ ಎಂದು ಕೇಳಿದರು. ಇಬ್ಬರೂ ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸಿದರು. ವ್ಯವಸ್ಥೆಯಲ್ಲಿ ಎರಡು ಹಂತದ ಪ್ರಾಸಿಕ್ಯೂಟರ್‌ಗಳು ಇರುವುದರಿಂದ ಒಬ್ಬರು ಎಡವಿದರೆ ಇನ್ನೊಬ್ಬರು ಹಿಡಿಯಬಹುದು. ಇಲ್ಲಿ ಇಬ್ಬರಿಗೂ ಅದೇ ನೆಪವಾಯಿತು.

ನ್ಯಾಯ ಇಲಾಖೆಯ ಆಂತರಿಕ ತನಿಖೆ 2020ರ ನವೆಂಬರ್‌ನಲ್ಲಿ ಹೇಳಿದ್ದು: ಅಕೋಸ್ಟಾ ಕೆಟ್ಟ ತೀರ್ಮಾನ ತೆಗೆದುಕೊಂಡರು, ಆದರೆ ವೃತ್ತಿ ನಿಯಮ ಮುರಿದಿಲ್ಲ. ಕಾರಣ, ಕೇಸು ಹಾಕುವುದೋ ಬಿಡುವುದೋ ಎಂಬ ವಿವೇಚನೆ ಅವರದ್ದೇ ಆಗಿತ್ತು. ಆ ನಿರ್ಣಾಯಕ ತಿಂಗಳುಗಳಲ್ಲಿ ಅಕೋಸ್ಟಾಗೆ ಬಂದ ಇಮೇಲ್‌ಗಳಲ್ಲಿ ದೊಡ್ಡ ಖಾಲಿ ಜಾಗ ಇದೆ. ಅದು ತಾಂತ್ರಿಕ ದೋಷ ಎಂದು ವರದಿ ಹೇಳುತ್ತದೆ. ಇರಬಹುದು. ಆದರೆ ಇಂಥ ಕೇಸಿನಲ್ಲಿ ಇಂಥ ದೋಷವಾದರೆ ಜನ ನಂಬದಿರುವುದೂ ಅಷ್ಟೇ ಸಹಜ, ಅಲ್ವಾ?

ಮುಂದಿನ ಬಾಗಿಲುಗಳು

2008ರ ತಪ್ಪೊಪ್ಪಿಗೆಯ ನಂತರ ಎಪ್‌ಸ್ಟೀನ್ ಅಧಿಕೃತವಾಗಿ ಲೈಂಗಿಕ ಅಪರಾಧಿ. ಆದರೂ ಸಣ್ಣ ಆರೋಪದ ಫಲ ಅವನಿಗೆ ವರ್ಷಗಟ್ಟಲೆ ಸಿಗುತ್ತಲೇ ಹೋಯಿತು. 2011ರಲ್ಲಿ ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್ ಪ್ರಾಸಿಕ್ಯೂಟರ್ ಕಚೇರಿಯೇ ಅವನನ್ನು ಲೈಂಗಿಕ ಅಪರಾಧಿಗಳ ನೋಂದಣಿಯಲ್ಲಿ ಅತಿ ಅಪಾಯದ ಮೂರನೇ ಹಂತದಿಂದ ಕನಿಷ್ಠ ಹಂತಕ್ಕೆ ಇಳಿಸಿ ಎಂದು ಕೋರ್ಟಿಗೆ ಕೇಳಿತು. ಪ್ರಾಸಿಕ್ಯೂಟರ್ ಹೀಗೆ ಕೇಳುವುದನ್ನು ನಾನು ನೋಡಿಯೇ ಇಲ್ಲ ಎಂದು ನ್ಯಾಯಾಧೀಶೆ ರೂತ್ ಪಿಕ್‌ಹೋಲ್ಜ್ ಚಕಿತರಾಗಿ ಅರ್ಜಿ ತಿರಸ್ಕರಿಸಿದರು. ಗಮನಿಸಿ, ತಡೆದದ್ದು ತೆರೆದ ಕೋರ್ಟಿನಲ್ಲಿ ಕೂತ ನ್ಯಾಯಾಧೀಶರು.

ಬ್ಯಾಂಕುಗಳದ್ದು ಇನ್ನೊಂದು ಕತೆ. ಜೆಪಿ ಮಾರ್ಗನ್ 2013ರವರೆಗೂ ಅವನ ಖಾತೆ ಇಟ್ಟುಕೊಂಡಿತ್ತು. ಅಲ್ಲಿಂದ ಹೊರಬಿದ್ದವನನ್ನು ಡಾಯ್ಷ ಬ್ಯಾಂಕ್ ಕರೆದುಕೊಂಡಿತು. ಅಲ್ಲಿ ಅವನ ವಕೀಲ ನಾಲ್ಕು ವರ್ಷಗಳಲ್ಲಿ 8 ಲಕ್ಷ ಡಾಲರ್‌ಗೂ ಹೆಚ್ಚು ನಗದು ಬಿಡಿಸಿದ. ಎಚ್ಚರಿಕೆಯ ಗಂಟೆ ಬಾರಿಸದಂತೆ ಎಷ್ಟು ಸಲ ನಗದು ತೆಗೆಯಬಹುದು ಎಂದು ಬ್ಯಾಂಕಿನವರನ್ನೇ ಕೇಳಿದ್ದ ಕೂಡ. ಕಳ್ಳಸಾಗಣೆ ನಗದಿನ ಮೇಲೆ ನಡೆಯುತ್ತದೆ. ಹಾಗಾಗಿ ಬ್ಯಾಂಕಿಗೆ ಇದು ಕಾಣದ ಸಂಗತಿಯಾಗಿರಲಿಲ್ಲ. 2020ರಲ್ಲಿ ನ್ಯೂಯಾರ್ಕ್ ರಾಜ್ಯದ ನಿಯಂತ್ರಕರು ಎಪ್‌ಸ್ಟೀನ್ ಖಾತೆಯೂ ಸೇರಿದಂತೆ ಕೆಲವು ಲೋಪಗಳಿಗಾಗಿ ಡಾಯ್ಷ ಬ್ಯಾಂಕಿಗೆ 15 ಕೋಟಿ ಡಾಲರ್ ದಂಡ ಹಾಕಿದರು. 2023ರಲ್ಲಿ ಸಂತ್ರಸ್ತೆಯರ ಮೊಕದ್ದಮೆ ಇತ್ಯರ್ಥಕ್ಕೆ ಡಾಯ್ಷ 7.5 ಕೋಟಿ, ಜೆಪಿ ಮಾರ್ಗನ್ 29 ಕೋಟಿ ಡಾಲರ್ ಕೊಡಲು ಒಪ್ಪಿದವು. ಆ ಇತ್ಯರ್ಥದಲ್ಲಿ ಕಾನೂನಿನ ಹೊಣೆ ಮಾತ್ರ ಒಪ್ಪಿಕೊಳ್ಳಲಿಲ್ಲ.

ಎರಡನೇ ಸಲ ಸಿಕ್ಕಾಗ

2019ರ ಜುಲೈ 6ರಂದು ನ್ಯೂಜೆರ್ಸಿಯ ಟೆಟರ್‌ಬೊರೊ ವಿಮಾನ ನಿಲ್ದಾಣದಲ್ಲಿ ಎಪ್‌ಸ್ಟೀನ್ ಬಂಧನವಾಯಿತು. ಈ ಬಾರಿ ಕೇಸು ಹಾಕಿದ್ದು ನ್ಯೂಯಾರ್ಕ್‌ನ ಕೇಂದ್ರ ಪ್ರಾಸಿಕ್ಯೂಟರ್‌ಗಳು. ಮನೆಯನ್ನೇ ಅಡವಿಡುತ್ತೇನೆ, ಕಾವಲು ನಾನೇ ಇಟ್ಟುಕೊಳ್ಳುತ್ತೇನೆ ಎಂದು ಜಾಮೀನು ಕೇಳಿದ. ತಿಜೋರಿಯಲ್ಲಿ ನಗದು, ವಜ್ರ, ಬೇರೆ ಹೆಸರಿನ ಆಸ್ಟ್ರಿಯಾ ಪಾಸ್‌ಪೋರ್ಟ್ ಸಿಕ್ಕಿತ್ತು. ನ್ಯಾಯಾಧೀಶ ರಿಚರ್ಡ್ ಬರ್ಮನ್ ಜಾಮೀನು ಕೊಡಲಿಲ್ಲ. ಆಗಸ್ಟ್ 10ರಂದು ಅವನು ಜೈಲಿನಲ್ಲಿ ಸತ್ತ. ವೈದ್ಯಕೀಯ ಪರೀಕ್ಷಕರು ಆತ್ಮಹತ್ಯೆ ಎಂದರು. ಆ ರಾತ್ರಿ ಕಾವಲುಗಾರರು ಸುತ್ತು ಹಾಕಿರಲಿಲ್ಲ, ಹಾಕಿದೆವೆಂದು ದಾಖಲೆಯಲ್ಲಿ ಬರೆದಿದ್ದರು.

ಆರೋಪಿ ಸತ್ತರೆ ಕ್ರಿಮಿನಲ್ ಕೇಸೂ ಮುಗಿಯುತ್ತದೆ. ವಿಚಾರಣೆ ನಡೆದಿದ್ದರೆ ಸಾಕ್ಷ್ಯ ಪಾಟಿ ಸವಾಲಿಗೆ ಒಳಪಟ್ಟು ನಿಜ ಯಾವುದು, ಗಾಳಿಮಾತು ಯಾವುದು ಎಂದು ಬೇರೆಯಾಗುತ್ತಿತ್ತು. ಅದು ನಡೆಯದೇ ಹೋದದ್ದರಿಂದಲೇ ಇವತ್ತು ಜನ ಹಸಿ ಕಡತಗಳನ್ನು ತಾವೇ ಓದಿ ತೀರ್ಪು ಕೊಡುತ್ತಿದ್ದಾರೆ. ಅದಕ್ಕೆ ಬೆಲೆ ತೆರುತ್ತಿರುವವರಲ್ಲಿ ಸಂತ್ರಸ್ತೆಯರೂ ಇದ್ದಾರೆ. ಜನವರಿಯ ಬಿಡುಗಡೆಯಲ್ಲಿ ಮುಚ್ಚಬೇಕಿದ್ದ ಅವರ ಗುರುತುಗಳು ಅಲ್ಲಲ್ಲಿ ತೆರೆದೇ ಇದ್ದವು. ಇಲಾಖೆ ಸಾವಿರಾರು ದಾಖಲೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಮ್ಯಾಕ್ಸ್‌ವೆಲ್ ಮಾತ್ರ ವಿಚಾರಣೆ ಎದುರಿಸಿದಳು. 2021ರ ಡಿಸೆಂಬರ್‌ನಲ್ಲಿ ಆರರಲ್ಲಿ ಐದು ಆರೋಪ ಸಾಬೀತಾಗಿ 20 ವರ್ಷ ಶಿಕ್ಷೆಯಾಯಿತು. ಅವಳ ಮೇಲ್ಮನವಿಯ ಮುಖ್ಯ ವಾದ ಮತ್ತೆ 2007ರ ಒಪ್ಪಂದವೇ: ಸಹ ಆರೋಪಿಗಳ ಮೇಲೆ ಅಮೆರಿಕ ಸರ್ಕಾರ ಕೇಸು ಹಾಕುವುದಿಲ್ಲ ಎಂದು ಬರೆದಿದೆಯಲ್ಲ, ನ್ಯೂಯಾರ್ಕ್ ಕೂಡ ಅಮೆರಿಕವೇ ತಾನೇ? ಫ್ಲಾರಿಡಾ ಕಚೇರಿಯ ಮಾತು ನ್ಯೂಯಾರ್ಕ್ ಕಚೇರಿಯನ್ನು ಕಟ್ಟಿಹಾಕುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. 2025ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟ್ ಅವಳ ಅರ್ಜಿ ಕೇಳಲು ಒಪ್ಪಲಿಲ್ಲ. ಕೇಸು ಬೇರೆ ಪ್ರದೇಶದಲ್ಲಿ ನಡೆದಿದ್ದರೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇದೇ ವಾಕ್ಯವನ್ನು ಬೇರೆ ಥರ ಓದಬಹುದಿತ್ತು. ಆ ಭಿನ್ನಾಭಿಪ್ರಾಯ ಬಗೆಹರಿಯದೆ ಉಳಿದಿದೆ.

ಇನ್ನು ಮುಂದೆ ಏನಾಗಬಹುದು?

ಅಪ್ರಾಪ್ತರ ಲೈಂಗಿಕ ಕಳ್ಳಸಾಗಣೆಗೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಈಗ ಕಾಲಮಿತಿ ಇಲ್ಲ. ಹಾಗಾಗಿ ದಕ್ಷಿಣ ಫ್ಲಾರಿಡಾದ ಹೊರಗೆ ಹೊಸ ಕೇಸು ಹಾಕಲು ಕಾನೂನಿನ ಅಡ್ಡಿ ಕಡಿಮೆ. ಅಡ್ಡಿ ಇರುವುದು ಸಾಕ್ಷ್ಯದಲ್ಲಿ ಮತ್ತು ಮನಸ್ಸಿನಲ್ಲಿ. ಬೇರೆ ಯಾರ ಮೇಲೂ ತನಿಖೆ ಶುರು ಮಾಡುವಷ್ಟು ಆಧಾರವಿಲ್ಲ ಎಂದು 2025ರ ಜುಲೈನ ಟಿಪ್ಪಣಿ ಹೇಳಿತ್ತು. ನವೆಂಬರ್‌ನಲ್ಲಿ ಟ್ರಂಪ್ ತಮ್ಮ ರಾಜಕೀಯ ವಿರೋಧಿಗಳಿಗೂ ಎಪ್‌ಸ್ಟೀನ್‌ಗೂ ಇದ್ದ ನಂಟನ್ನು ತನಿಖೆ ಮಾಡಿ ಎಂದರು, ಬಾಂಡಿ ಅದೇ ದಿನ ಅದನ್ನು ನ್ಯೂಯಾರ್ಕ್ ಕಚೇರಿಗೆ ಒಪ್ಪಿಸಿದರು. ಯಾರ ಮೇಲೆ ತನಿಖೆ ಎಂಬುದನ್ನು ಪಕ್ಷ ನೋಡಿ ತೀರ್ಮಾನಿಸಿದರೆ, 2007ರ ರೋಗವೇ ಬೇರೆ ರೂಪದಲ್ಲಿ ಮರಳುತ್ತದೆ. ಆಗ ವಿವೇಚನೆ ವಕೀಲರ ಒತ್ತಡಕ್ಕೆ ಬಾಗಿತ್ತು, ಈಗ ರಾಜಕೀಯದ ಒತ್ತಡಕ್ಕೆ. ಇದರಲ್ಲಿ ಇನ್ನೊಂದು ತೊಡಕೂ ಇದೆ. ನಡೆಯುತ್ತಿರುವ ತನಿಖೆಗೆ ತೊಂದರೆಯಾಗುವ ದಾಖಲೆಗಳನ್ನು ತಡೆಹಿಡಿಯಲು ಹೊಸ ಕಾನೂನು ಅವಕಾಶ ಕೊಡುತ್ತದೆ.

ಆ ಕಾನೂನಿನಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ. ಬಿಡುಗಡೆಯಾಗಬೇಕಾದ ದಾಖಲೆಗಳಲ್ಲಿ ವಿಮಾನದ ಪಟ್ಟಿಗಳ ಜೊತೆಗೆ, ಕೇಸು ಯಾಕೆ ಹಾಕಿದಿರಿ, ಯಾಕೆ ಹಾಕಲಿಲ್ಲ ಎಂಬ ಬಗ್ಗೆ ನ್ಯಾಯ ಇಲಾಖೆಯೊಳಗೆ ಓಡಾಡಿದ ಇಮೇಲ್, ಟಿಪ್ಪಣಿ, ಸಭೆಯ ನಡಾವಳಿಗಳನ್ನೂ ಅದು ಹೆಸರಿಸಿದೆ. ರಕ್ಷಣೆಯ ಒಪ್ಪಂದಗಳನ್ನೂ ಸೇರಿಸಿದೆ. ಇಲಾಖೆ ಇಂಥ ಕೆಲವು ಪುಟಗಳನ್ನು ವಕೀಲ-ಕಕ್ಷಿದಾರರ ನಡುವಿನ ಗೌಪ್ಯತೆ, ಆಂತರಿಕ ಚರ್ಚೆ ಎಂಬ ಕಾರಣ ಕೊಟ್ಟು ತಡೆಹಿಡಿದಿದೆ. ಕಾನೂನು ತಂದ ಸಂಸದರಾದ ರೋ ಖನ್ನಾ ಮತ್ತು ಥಾಮಸ್ ಮ್ಯಾಸಿ, ಹಾಗೆ ತಡೆಯಲು ನಾವು ಜಾಗವನ್ನೇ ಬಿಟ್ಟಿಲ್ಲ ಎನ್ನುತ್ತಾರೆ. ಯಾರ ಫೋಟೋದಲ್ಲಿ ಯಾರಿದ್ದಾರೆ ಎಂಬ ಚರ್ಚೆಯ ಗದ್ದಲದಲ್ಲಿ ಈ ಜಗಳ ಸದ್ದು ಮಾಡುತ್ತಿಲ್ಲ. ಆದರೆ 2007ರ ಬೇಸಿಗೆಗೂ ಸೆಪ್ಟೆಂಬರ್‌ಗೂ ನಡುವೆ ಆ 53 ಪುಟದ ಕರಡನ್ನು ಯಾರು, ಯಾವ ಮಾತಿಗೆ ಮಣಿದು ಬದಿಗಿಟ್ಟರು ಎಂಬುದಕ್ಕೆ ಪೂರ್ತಿ ಉತ್ತರ ಎಲ್ಲಾದರೂ ಇದ್ದರೆ, ಅದು ಇರುವುದು ಆ ಪುಟಗಳಲ್ಲಿ.